ಮಂಡ್ಯದ ನೆರಳು, ಕಲಬುರಗಿಯ ನೆರಳು

ಎರಡು ಶಾಲೆಗಳ ಜಂಟಿ ಯೋಜನೆ ಎಂಬ ಹೆಸರಿನಲ್ಲಿ ನಾನು ನೋಡಿದವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಇವರು ತಮ್ಮೂರಿನ ಹಬ್ಬದ ಚಿತ್ರ ಕಳಿಸುತ್ತಾರೆ, ಅವರು ತಮ್ಮೂರಿನ ಜಾತ್ರೆಯ ಚಿತ್ರ ಕಳಿಸುತ್ತಾರೆ. ಎರಡೂ ಕಡೆ ಚಪ್ಪಾಳೆ, ಕೊನೆಗೊಂದು ಪ್ರಮಾಣಪತ್ರ. ಆ ಕಡೆಯ ಶಾಲೆ ಇಲ್ಲದಿದ್ದರೂ ಈ ಕಡೆಯ ಮಕ್ಕಳಿಗೆ ಏನೂ ನಷ್ಟವಾಗುತ್ತಿರಲಿಲ್ಲ. ಆ ಶಾಲೆಯಿಂದ ಒಂದು ಸಂಖ್ಯೆ ಬಾರದಿದ್ದರೆ ನಮ್ಮ ಲೆಕ್ಕವೇ ನಿಂತುಹೋಗಬೇಕು, ಅಂಥ ಕೆಲಸ ಸಿಕ್ಕಿದರೆ ಮಾತ್ರ ಕೈಹಾಕಬೇಕು ಎಂದು ನಾನು ಅಂದುಕೊಂಡಿದ್ದೆ. ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಅದು ಸಿಕ್ಕಿದ್ದು ಒಂದು ಆನ್‌ಲೈನ್ ತರಬೇತಿಯಲ್ಲಿ.

ಕೊರೊನಾದ ನಂತರ ನಮ್ಮ ತರಬೇತಿಗಳೆಲ್ಲ ಮೊಬೈಲಿಗೆ ಇಳಿದವು. ವಿಡಿಯೊವನ್ನು ಓಡಲು ಬಿಟ್ಟು ಸಾರಿಗೆ ಒಗ್ಗರಣೆ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿಯೋ! ಯಾವ ತರಬೇತಿ ಎನ್ನುವುದು ಬೇಡ. ಆದರೆ ಈ ತರಬೇತಿಯಲ್ಲಿ ಬೇರೆ ಬೇರೆ ಜಿಲ್ಲೆಗಳ ಗಣಿತ ಶಿಕ್ಷಕರನ್ನು ಸಣ್ಣ ಗುಂಪುಗಳಾಗಿ ಮಾಡಿ, ಮಾತನಾಡಲು ಬಿಟ್ಟುಬಿಟ್ಟರು. ನಮ್ಮ ಗುಂಪಿನಲ್ಲಿ ಕಲಬುರಗಿಯ ಮೇಷ್ಟ್ರೊಬ್ಬರಿದ್ದರು. ಜಿಯೋಜೀಬ್ರಾ ತಂತ್ರಾಂಶದಲ್ಲಿ ಸಮಾಂತರ ರೇಖೆಗಳನ್ನು ಎಳೆದು ತೋರಿಸುತ್ತಿದ್ದವರು ನಡುವೆ ನಿಲ್ಲಿಸಿ, "ಮೇಡಂ, ನಿಮ್ಮ ಮಂಡ್ಯ ಯಾವ ರೇಖಾಂಶದಲ್ಲಿದೆ, ನೋಡಿ" ಎಂದರು. ನೋಡಿದರೆ ಮಂಡ್ಯ ಸುಮಾರು 76.9 ಡಿಗ್ರಿ ಪೂರ್ವ, ಕಲಬುರಗಿ 76.8. ಹೆಚ್ಚುಕಡಿಮೆ ಒಂದರ ನೇರ ಉತ್ತರಕ್ಕೆ ಇನ್ನೊಂದು.

ಗಣಿತದವರಿಗೆ ಇಷ್ಟು ಸಾಕು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಗಳ ನಡುಹಗಲಿನ ನೆರಳನ್ನು ಹೋಲಿಸಿ ಭೂಮಿಯ ಸುತ್ತಳತೆ ಕಂಡುಹಿಡಿದದ್ದು ಇದೇ ಉಪಾಯದಿಂದ. ಸೂರ್ಯಕಿರಣಗಳು ಸಮಾಂತರ, ಎರಡು ಊರುಗಳಲ್ಲಿ ನೆಟ್ಟ ಕೋಲುಗಳ ರೇಖೆಗಳು ಭೂಮಿಯ ಕೇಂದ್ರದಲ್ಲಿ ಕೂಡುತ್ತವೆ, ಎರಡು ಕಡೆಯ ನೆರಳಿನ ಕೋನಗಳ ವ್ಯತ್ಯಾಸವೇ ಕೇಂದ್ರದಲ್ಲಿನ ಕೋನ. ಆ ಕೋನ 360 ಡಿಗ್ರಿಯ ಎಷ್ಟನೇ ಪಾಲೋ, ಊರುಗಳ ನಡುವಿನ ದೂರವೂ ಸುತ್ತಳತೆಯ ಅಷ್ಟನೇ ಪಾಲು. ಒಂಬತ್ತನೆಯ ತರಗತಿಯ ಮಕ್ಕಳು ಪರ್ಯಾಯ ಕೋನಗಳು ಸಮ ಎಂದು ಬಾಯಿಪಾಠ ಹೇಳುತ್ತಾರಲ್ಲ, ಅದಕ್ಕೆ ಇಷ್ಟು ದೊಡ್ಡ ಕೆಲಸವಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹತ್ತನೆಯ ತರಗತಿಯನ್ನು ಮುಟ್ಟುವಂತಿರಲಿಲ್ಲ. "ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಬೇಡಿ ಮೇಡಂ" ಎಂದು ಮುಖ್ಯ ಶಿಕ್ಷಕರು ಮೊದಲೇ ಹೇಳಿದ್ದರು. ಒಂಬತ್ತನೆಯವರಿಗೆ ತ್ರಿಕೋನಮಿತಿ ಬಂದಿಲ್ಲವಾದ್ದರಿಂದ ಗ್ರಾಫ್ ಹಾಳೆಯಲ್ಲಿ ಅಳತೆಗೆ ತಕ್ಕಂತೆ ತ್ರಿಭುಜ ಬರೆದು ಕೋನಮಾಪಕವಿಟ್ಟು ಕೋನ ಓದುವುದು ಎಂದಾಯಿತು. ಹತ್ತನೆಯವರು ಕುಳಿತಲ್ಲೇ ಕ್ಯಾಲ್ಕುಲೇಟರಿನಲ್ಲಿ ಟ್ಯಾನ್, ಅಂದರೆ ನೆರಳಿನ ಉದ್ದಕ್ಕೂ ಕೋಲಿನ ಎತ್ತರಕ್ಕೂ ಇರುವ ಅನುಪಾತ, ನೋಡಿ ತಾಳೆ ಹಾಕಿದರು. ನಿಜ ಹೇಳಬೇಕೆಂದರೆ ಕೋನಮಾಪಕದ ಅರ್ಧ ಡಿಗ್ರಿ ಇಲ್ಲಿ ತುಂಬಾ ದುಬಾರಿ. ಅಂತಿಮ ಲೆಕ್ಕವನ್ನು ಟ್ಯಾನ್‌ನಿಂದಲೇ ಮಾಡಿದೆವು.

ಅಳೆಯಬೇಕಾದದ್ದು ನಡುಹಗಲಿನಲ್ಲಿ. ಆದರೆ ಗಡಿಯಾರದ ಹನ್ನೆರಡು ನಮ್ಮ ನಡುಹಗಲಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶದ್ದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಮಂಡ್ಯಕ್ಕೆ ಸೂರ್ಯ ಸುಮಾರು 22 ನಿಮಿಷ ತಡವಾಗಿ ನೆತ್ತಿಗೆ ಬರುತ್ತಾನೆ. ಜನವರಿಯ ಕೊನೆಯಲ್ಲಿ ಇನ್ನೂ ಹನ್ನೆರಡು ಹದಿಮೂರು ನಿಮಿಷ ಸೇರಿ 12.35ರ ಹತ್ತಿರವಾಗುತ್ತದೆ. ಮಕ್ಕಳಿಗೆ ಇದನ್ನು ಹೇಳಲಿಲ್ಲ. 12.15ರಿಂದ ಐದೈದು ನಿಮಿಷಕ್ಕೆ ಗುರುತು ಹಾಕಿ, ಅತಿ ಗಿಡ್ಡ ನೆರಳು ಯಾವುದೋ ಅದನ್ನು ತೆಗೆದುಕೊಳ್ಳಿ ಎಂದೆ. ಬಿಸಿಯೂಟಕ್ಕೆ ಮುಂಚಿನ ಆ ಅವಧಿ ಸಮಾಜ ವಿಜ್ಞಾನದ ಮೇಷ್ಟ್ರದು. ಕೇಳಿದಾಗ ಬಿಟ್ಟುಕೊಟ್ಟರು, ಜೊತೆಗೆ ತಾವೂ ಬಂದು ನಿಂತರು.

ಸಂಕ್ರಾಂತಿ ಕಳೆದ ಮೇಲೆ ಮೊದಲ ಅಳತೆ. ಒಂದು ಮೀಟರ್ ಕೋಲಿಗೆ ನಮ್ಮಲ್ಲಿ 64 ಸೆಂಟಿಮೀಟರ್ ನೆರಳು, ಕಲಬುರಗಿಯಲ್ಲಿ 75. ಕೋನಗಳ ವ್ಯತ್ಯಾಸ 4.25 ಡಿಗ್ರಿ. ಎರಡು ಊರುಗಳ ನೇರ ದೂರ ಸುಮಾರು 530 ಕಿಲೋಮೀಟರ್ ಎಂದು ಇಟ್ಟುಕೊಂಡರೆ ಭೂಮಿಯ ಸುತ್ತಳತೆ 45,000 ಕಿಲೋಮೀಟರಿಗೆ ಹತ್ತಿರ ಬಂತು. ಪುಸ್ತಕದಲ್ಲಿರುವುದು ಸುಮಾರು 40,000. "ಅವರದೇ ತಪ್ಪು ಮಿಸ್" ಎಂದು ನಮ್ಮವರು ಒಕ್ಕೊರಲಿನಿಂದ ಕೂಗಿದರು. ಸಂಜೆ ಕಲಬುರಗಿಯ ಮೇಷ್ಟ್ರು ಫೋನ್ ಮಾಡಿ, ಅವರ ಮಕ್ಕಳೂ ನಮ್ಮ ಬಗ್ಗೆ ಅದನ್ನೇ ಹೇಳುತ್ತಿದ್ದಾರೆ ಎಂದರು.

ನನ್ನ ಮಟ್ಟಿಗೆ ಇಡೀ ಯೋಜನೆಯ ತಿರುಳು ಇದರ ನಂತರದ ಕೆಲವು ದಿನಗಳಲ್ಲಿತ್ತು. ಕಲಬುರಗಿಯ ನೆರಳು ಒಂದು ಸೆಂಟಿಮೀಟರ್ ಉದ್ದವಿದ್ದಿದ್ದರೆ ಉತ್ತರ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿಸಿದೆ. ಮೂರೂವರೆ ಸಾವಿರ ಕಿಲೋಮೀಟರ್ ಕಡಿಮೆಯಾಯಿತು! ಹಾಗಾದರೆ ಒಂದು ಸೆಂಟಿಮೀಟರ್ ಎಲ್ಲಿ ತಪ್ಪಿಸಿಕೊಳ್ಳುತ್ತದೆ? ಎರಡೂ ಶಾಲೆಯವರು, ನೀವು ಹೇಗೆ ಅಳೆದಿರಿ ಎಂದು ಪರಸ್ಪರ ಪ್ರಶ್ನೆ ಹಾಕಿ ಧ್ವನಿ ಸಂದೇಶ ಕಳಿಸಿಕೊಂಡರು. ಕೋಲು ನೆಟ್ಟಗಿತ್ತೇ? ಅಂಗಳ ಸಮತಟ್ಟೇ? ನಮ್ಮ ಅಂಗಳ ಮಳೆನೀರು ಹರಿಯಲೆಂದು ಗೇಟಿನ ಕಡೆಗೆ ಇಳಿಜಾರಾಗಿದೆ. ಗಾರೆ ಕೆಲಸದವರ ಮಗನೊಬ್ಬ ಅಪ್ಪನ ರಸಮಟ್ಟ ಮತ್ತು ತೂಕದ ಗುಂಡು ತಂದ. ಹಲಗೆಯನ್ನು ಮಟ್ಟ ಮಾಡಿ, ಗುಂಡಿನ ದಾರದ ನೇರಕ್ಕೆ ಕೋಲು ನಿಲ್ಲಿಸಿದೆವು.

ಅಷ್ಟಾದರೂ ನೆರಳಿನ ತುದಿ ಮಸುಕಾಗಿಯೇ ಇತ್ತು. ಒಬ್ಬಳು ಅದನ್ನು 63 ಎಂದರೆ ಇನ್ನೊಬ್ಬಳು 64 ಎನ್ನುತ್ತಿದ್ದಳು. ಇಬ್ಬರೂ ಸರಿಯೇ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಮೀಟರ್ ಎತ್ತರದ ಕೋಲಿನ ನೆರಳಿನ ಅಂಚು ಅದರಿಂದಾಗಿಯೇ ಒಂದು ಸೆಂಟಿಮೀಟರಿನಷ್ಟು ಕಲಸಿಹೋಗುತ್ತದೆ. ಇದಕ್ಕೆ ಉಪಾಯ ಹೇಳಿದ್ದು ಕಲಬುರಗಿಯ ಮೇಷ್ಟ್ರು. ಕೋಲಿನ ತುದಿಗೆ ಸಣ್ಣ ತೂತಿರುವ ರಟ್ಟು ಕಟ್ಟಿ, ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕಿಯ ನಡುಮಧ್ಯಕ್ಕೆ ಅಳೆಯುವುದು. ತೂತು ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರದಲ್ಲಿರಬೇಕು.

ಗಣರಾಜ್ಯೋತ್ಸವ ಮುಗಿದ ಮೇಲೆ, ಇಬ್ಬರಿಗೂ ಬಿಸಿಲಿದ್ದ ಒಂದೇ ದಿನ ಮತ್ತೆ ಅಳೆದೆವು. ಒಂದೇ ದಿನ ಎನ್ನುವುದನ್ನು ಒತ್ತಿ ಹೇಳುತ್ತೇನೆ. ಜನವರಿ ಕೊನೆಯಲ್ಲಿ ಸೂರ್ಯ ದಿನಕ್ಕೆ ಕಾಲು ಡಿಗ್ರಿ ಉತ್ತರಕ್ಕೆ ಸರಿಯುತ್ತಾನೆ. ಒಬ್ಬರು ಮರುದಿನ ಅಳೆದರೆ ಉತ್ತರ ಎರಡು ಸಾವಿರ ಕಿಲೋಮೀಟರ್ ಆಚೀಚೆಯಾಗುತ್ತದೆ. ನಮ್ಮದು 60.1, ಅವರದು 72. ವ್ಯತ್ಯಾಸ 4.75 ಡಿಗ್ರಿ, ಸುತ್ತಳತೆ ಸುಮಾರು 40,200 ಕಿಲೋಮೀಟರ್. ಮಕ್ಕಳು ಕುಣಿದರು. ಒಂದು ಮಿಲಿಮೀಟರಿಗೆ ಮುನ್ನೂರು ಕಿಲೋಮೀಟರ್ ಹೊಯ್ದಾಡುವ ಲೆಕ್ಕದಲ್ಲಿ ಅದೃಷ್ಟದ ಪಾಲೂ ಇದೆ ಎಂದು ನಾನು ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಒಬ್ಬ ಹುಡುಗಿ ಮಾತ್ರ ಕುಣಿಯಲಿಲ್ಲ. "ಆ 530 ಕಿಲೋಮೀಟರ್ ಎಲ್ಲಿಂದ ಬಂತು ಮಿಸ್? ನಕ್ಷೆಯಿಂದ. ನಕ್ಷೆ ಬರೆದವರಿಗೆ ಭೂಮಿಯ ಅಳತೆ ಮೊದಲೇ ಗೊತ್ತಿತ್ತಲ್ಲ?" ಎಂದಳು. ಮೊಬೈಲ್ ನಕ್ಷೆ ದೂರ ಹೇಳುವುದು ಭೂಮಿಯ ಅಳತೆಯನ್ನು ಒಳಗಿಟ್ಟುಕೊಂಡೇ; ಅವಳ ಆಕ್ಷೇಪ ನ್ಯಾಯವಾದದ್ದೇ. ಉತ್ತರಕ್ಕೆ ಸಮಾಜ ವಿಜ್ಞಾನದ ಮೇಷ್ಟ್ರು ಮುಂದೆ ಬಂದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಬ್ರಿಟಿಷರ ಕಡೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೆಲದ ಮೇಲೆ ಉಕ್ಕಿನ ಸರಪಳಿ ಹಾಸಿ ಆಧಾರ ರೇಖೆ ಅಳೆದು, ಅಲ್ಲಿಂದ ತ್ರಿಭುಜದ ಪಕ್ಕ ತ್ರಿಭುಜ ಜೋಡಿಸುತ್ತಾ ದೇಶವನ್ನು ಅಳೆದ ಕಥೆ ಹೇಳಿದರು. ಯಾರೋ ಒಮ್ಮೆ ನೆಲದ ಮೇಲೆ ಅಳೆದೇ ಇರಬೇಕು ಎಂಬುದು ಹುಡುಗಿಗೆ ಒಪ್ಪಿಗೆಯಾಯಿತು, ಅರ್ಧ. ಶ್ರೀರಂಗಪಟ್ಟಣದಲ್ಲಿ ಹೋರಾಡಿದವನು ಗಣಿತದ ಪಾಠಕ್ಕೆ ಬಂದದ್ದು ನನಗಂತೂ ಹೊಸದು.

ಯಾರಾದರೂ ಇದನ್ನು ಮಾಡುವುದಾದರೆ ಎರಡು ತರಗತಿಗಳ ನೇರ ವಿಡಿಯೊ ಕರೆಗೆ ಹೆಚ್ಚು ಆಸೆಪಡಬೇಡಿ. ನಾವು ಪ್ರಯತ್ನಿಸಿದೆವು. ಮಕ್ಕಳು ಪರದೆಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು, ನಾವಿಬ್ಬರು ಶಿಕ್ಷಕರು "ಕೇಳಿಸುತ್ತಿದೆಯೇ" ಎಂದು ಕೂಗಾಡಿದೆವು. ಧ್ವನಿ ಸಂದೇಶವಾದರೆ ಯೋಚಿಸಿ ಮಾತನಾಡುತ್ತಾರೆ. ನೆರಳಿನ ವಿಷಯ ಮುಗಿದ ಮೇಲೂ ಆಲೆಮನೆ ಹೇಗಿರುತ್ತದೆ, ತೊಗರಿ ಎಷ್ಟೆತ್ತರ ಬೆಳೆಯುತ್ತದೆ ಎಂಬ ಪ್ರಶ್ನೆಗಳು ತಾವಾಗಿಯೇ ಓಡಾಡುತ್ತಿದ್ದವು. ಅದನ್ನು ಯಾರೂ ಯೋಜನೆಯಲ್ಲಿ ಬರೆದಿರಲಿಲ್ಲ.

ಮೈಸೂರಿನ ಗೆಳತಿಯೊಬ್ಬರು ತಮ್ಮ ಶಾಲೆಯೊಂದಿಗೂ ಇದನ್ನೇ ಮಾಡೋಣ ಎಂದು ಕೇಳಿದ್ದಾರೆ. ಮೈಸೂರು, ಮಂಡ್ಯಗಳ ಅಕ್ಷಾಂಶದಲ್ಲಿ ಇರುವುದು ಕಾಲು ಡಿಗ್ರಿಗೂ ಕಡಿಮೆ ಅಂತರ. ಆ ವ್ಯತ್ಯಾಸ ಅಳತೆಯ ದೋಷದಲ್ಲೇ ಮುಳುಗಿಹೋಗುತ್ತದೆ. ಅವರಿಗೆ ಬೇಕಾದದ್ದು ನೇರ ಉತ್ತರದ ಊರು. ನಕ್ಷೆಯಲ್ಲಿ ಹುಡುಕಿದಾಗ ರಾಯಚೂರು ಜಿಲ್ಲೆಯ ಲಿಂಗಸುಗೂರು ಹೆಚ್ಚುಕಡಿಮೆ ಮೈಸೂರಿನ ರೇಖಾಂಶದಲ್ಲೇ ಸಿಕ್ಕಿತು. ಅಲ್ಲಿನ ಗಣಿತ ಶಿಕ್ಷಕರೊಬ್ಬರನ್ನು ಈಗ ಹುಡುಕುತ್ತಿದ್ದಾರೆ. ಜನವರಿಯಲ್ಲೇ ಮಾಡಿ ಎಂದಿದ್ದೇನೆ. ಕೋಲಿಗೆ ನೆರಳೇ ಬೀಳದ ದಿನ ನಮ್ಮ ಕಡೆ ವರ್ಷಕ್ಕೆ ಎರಡು ಬರುತ್ತವೆ, ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ 19ರ ಸುಮಾರಿಗೆ ಇನ್ನೊಮ್ಮೆ. ಅಂಥ ದಿನ ಇನ್ನೊಂದು ಊರಿನ ನೆರಳನ್ನು ಮಾತ್ರ ಅಳೆದರೆ ಸಾಕು. ಆದರೆ ಮೊದಲನೆಯದಕ್ಕೆ ಶಾಲೆಗೆ ರಜೆ, ಎರಡನೆಯದಕ್ಕೆ ಮೋಡ.