ಹಾಯಿದೋಣಿಯಲ್ಲಿ ಒಬ್ಬರೇ ದೂರ ಹೊರಡುವವರಿಗೆ

ಕಾರವಾರದಿಂದ ಕೊಚ್ಚಿ ಕಡೆಗೆ ಒಬ್ಬರೇ ಹೋಗುವ ಯೋಚನೆ ಇದ್ದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗಿನ ಜಾವ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದ ಕಡಲ ಗಾಳಿ. ದಕ್ಷಿಣಕ್ಕೆ ಎರಡೂ ಅನುಕೂಲ.

ಎಲ್ಲಕ್ಕಿಂತ ಮೊದಲು ನೀರಿಗೆ ಬೀಳದ ಏರ್ಪಾಡು ಮಾಡಿಕೊಳ್ಳಿ. ನೀವು ಬಿದ್ದರೂ ಆಟೋಪೈಲಟ್ ದೋಣಿಯನ್ನು ಮುಂದಕ್ಕೆ ಒಯ್ಯುತ್ತಲೇ ಇರುತ್ತದೆ, ತಿರುಗಿಸಿ ತರಲು ಯಾರೂ ಇರುವುದಿಲ್ಲ. ಡೆಕ್ ಮೇಲಿನ ಜ್ಯಾಕ್‌ಲೈನನ್ನು, ಅಂದರೆ ನಿಮ್ಮನ್ನು ಕೊಕ್ಕೆ ಹಾಕಿಕೊಳ್ಳುವ ಉದ್ದ ಹಗ್ಗವನ್ನು, ಅಂಚಿಗಲ್ಲ, ಆದಷ್ಟು ನಡುವಿಗೆ ಎಳೆದು ಕಟ್ಟಿ. ಮೈಗೆ ಕಟ್ಟಿಕೊಂಡ ಹಾರ್ನೆಸ್ ಪಟ್ಟಿಯಿಂದ ಅದಕ್ಕೆ ಸೇರಿಸುವ ಹಗ್ಗ ಗಿಡ್ಡವಾಗಿರಲಿ. ಹಾಯಿ ಕಿರಿದು ಮಾಡುವ ಹಗ್ಗಗಳೆಲ್ಲ ಕಾಕ್‌ಪಿಟ್‌ನಲ್ಲೇ ಕೈಗೆ ಸಿಗಬೇಕು. ಗಾಳಿ ಏರಿದಾಗ ಕೂವೆಮರದ ಬುಡಕ್ಕೆ ಹೋಗುವ ಪ್ರಮೇಯವೇ ಬರಬಾರದು.

ಅಪಾಯದಲ್ಲಿ ಉಪಗ್ರಹದ ಮೂಲಕ ನೆರವು ಕೋರುವ ಬೀಕನ್ ಅನ್ನು ಮೈಮೇಲೆ ಕಟ್ಟಿಕೊಳ್ಳಿ, ಕ್ಯಾಬಿನ್‌ನಲ್ಲಿ ಇಡಬೇಡಿ. ಭಾರತದ ಬೀಕನ್‌ಗಳ ನೋಂದಣಿ ಬೆಂಗಳೂರಿನ ಇಸ್ರೋ ಕೇಂದ್ರದಲ್ಲೇ ಆಗುತ್ತದೆ, ಅದನ್ನು ಮುಗಿಸಿಯೇ ಹೊರಡಿ. ವಿಎಚ್‌ಎಫ್ ರೇಡಿಯೊದಲ್ಲಿ ಅಪಾಯದ ಕರೆಗಳ 16ನೇ ಚಾನೆಲ್ ಸದಾ ತೆರೆದಿರಲಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್ ಸಂಖ್ಯೆ 1554.

ನಮ್ಮ ಕರಾವಳಿಯಲ್ಲಿ ರಾತ್ರಿಯ ದೊಡ್ಡ ಕಾಟ ಮೀನಿನ ಬಲೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ತಕ್ಷಣ ನಿಲ್ಲಿಸಿ. ಹಲ್ಲುಗತ್ತಿ, ಡೈವಿಂಗ್ ಮಾಸ್ಕ್ ಹತ್ತಿರವೇ ಇರಲಿ. ಬಲೆ ಬಿಡಿಸುವುದು ಹಗಲಲ್ಲಿ, ಲಂಗರು ಹಾಕಿದ ಮೇಲೆ ಮಾತ್ರ.

ಡೀಸೆಲ್ ಫಿಲ್ಟರ್‌ನ ತಳದಲ್ಲಿ ನೀರು ನಿಂತಿದೆಯೇ ನೋಡಿ, ಒಂದೆರಡು ಹೊಸ ಫಿಲ್ಟರ್ ಜೊತೆಗಿರಲಿ. ಗೊತ್ತಿಲ್ಲದ ಅಳಿವೆಗೆ ಕತ್ತಲಲ್ಲಿ ನುಗ್ಗಬೇಡಿ; ಮರಳುದಿಬ್ಬ ಜಾಗ ಬದಲಿಸುತ್ತಿರುತ್ತದೆ. ಹೊರಗೇ ಕಾದು, ಸ್ಥಳೀಯ ಮೀನುಗಾರರನ್ನು ಕೇಳಿ, ನೀರು ಏರುವ ಭರತದಲ್ಲಿ ಒಳಬನ್ನಿ.