ಮನೆ ಕ್ಯಾರಿಯಲ್ಲಿ, ಬೇಸ್ ನ್ಯೂಯಾರ್ಕಿನಲ್ಲಿ: ರಿಸರ್ವ್ ಪೈಲಟ್ ಆಗಿ ನನ್ನ ಅನುಭವ

ಅಮೆರಿಕದ ಏರ್‌ಲೈನ್‌ಗಳಲ್ಲಿ ಪೈಲಟ್‌ಗಳ ಬದುಕು ನಡೆಯುವುದು ಸೀನಿಯಾರಿಟಿ ನಂಬರಿನ ಮೇಲೆ. ಯಾವ ಊರು ಬೇಸ್ (ಅಂದರೆ ಡ್ಯೂಟಿ ಶುರುವಾಗುವ ನಿಲ್ದಾಣ), ಯಾವ ವಿಮಾನ, ಯಾವ ದಿನ ರಜೆ, ದೀಪಾವಳಿಗೆ ಮನೆಯಲ್ಲಿರುತ್ತೇವೋ ಇಲ್ಲವೋ, ಎಲ್ಲವನ್ನೂ ಕೆಲಸಕ್ಕೆ ಸೇರಿದ ತಾರೀಖು ನಿರ್ಧರಿಸುತ್ತದೆ. ನಾನು ಒಂದು ರೀಜನಲ್ ಏರ್‌ಲೈನ್‌ಗೆ ಎಂಬ್ರೇಯರ್ 175 ವಿಮಾನದ ಫಸ್ಟ್ ಆಫೀಸರ್ (ಸಹ ಪೈಲಟ್) ಆಗಿ ಸೇರಿದಾಗ ನನ್ನ ಹೆಸರು ಪಟ್ಟಿಯ ತಳದಲ್ಲಿತ್ತು. ಸಿಕ್ಕಿದ್ದು ನ್ಯೂಯಾರ್ಕಿನ ಲಾಗಾರ್ಡಿಯಾ ಬೇಸ್, ಅಲ್ಲೂ ರಿಸರ್ವ್. ಮನೆ ಇದ್ದದ್ದು ಉತ್ತರ ಕೆರೊಲಿನಾದ ರಾಲಿ ಪಕ್ಕದ ಕ್ಯಾರಿಯಲ್ಲಿ. ಗಂಡನ ಕೆಲಸ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ, ಮಗಳ ಶಾಲೆ, ಮನೆ ಸಾಲ ಎಲ್ಲ ಅಲ್ಲೇ. ಸಂಸಾರವನ್ನು ನ್ಯೂಯಾರ್ಕಿಗೆ ಸಾಗಿಸಿದರೂ ಎರಡು ವರ್ಷದಲ್ಲಿ ಬೇಸ್ ಬದಲಾಗುವುದಿಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಓಡಾಡುವುದು ಎಂದು ತೀರ್ಮಾನಿಸಿದೆವು. ನಮ್ಮಲ್ಲಿ ಇದಕ್ಕೆ ಕಮ್ಯೂಟ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಹೋಗುವುದಕ್ಕೂ ಇದೇ ಪದ ಬಳಸುತ್ತೇವೆ. ಇಲ್ಲಿ ಅದು ಸುಮಾರು 700 ಕಿಲೋಮೀಟರ್, ಅದೂ ಸೀಟು ಖಾಲಿ ಇದ್ದರೆ.

ಲೈನ್ ಸಿಕ್ಕಿದ ಪೈಲಟ್‌ಗೆ ಯಾವ ದಿನ ಯಾವ ಟ್ರಿಪ್ ಅನ್ನುವುದು ತಿಂಗಳ ಮೊದಲೇ ಗೊತ್ತಿರುತ್ತದೆ. ರಿಸರ್ವ್‌ನವರಿಗೆ ಗೊತ್ತಿರುವುದು ಯಾವ ದಿನ ಸಿದ್ಧವಾಗಿರಬೇಕು ಅನ್ನುವುದಷ್ಟೇ. ಯಾರಿಗೋ ಜ್ವರ ಬಂತು, ಹಿಮ ಬಿದ್ದು ಒಂದು ಕ್ರೂ ಶಿಕಾಗೋದಲ್ಲೇ ಉಳಿಯಿತು, ಇನ್ಯಾರದೋ ಡ್ಯೂಟಿ ಗಂಟೆ ಮುಗಿಯಿತು. ಆಗ ಕ್ರೂ ಶೆಡ್ಯೂಲಿಂಗ್‌ನಿಂದ ಫೋನ್ ಬರುತ್ತದೆ. ಹಾಸನದಿಂದ ಬಂದಿದ್ದ ನಮ್ಮತ್ತೆಗೆ ಇದನ್ನು ಹೇಳಿದಾಗ, "ಅಲ್ಲಮ್ಮಾ, ಫೋನ್ ಬರದೇ ಇದ್ರೂ ಸಂಬಳ ಕೊಡ್ತಾರಾ?" ಎಂದು ಕೇಳಿದರು. ಕೊಡುತ್ತಾರೆ. ತಿಂಗಳಿಗೆ ಇಷ್ಟು ಗಂಟೆ ಎಂಬ ಗ್ಯಾರಂಟಿ ಇರುತ್ತದೆ, ಹೆಚ್ಚಿನ ಕಡೆ 75ರ ಆಸುಪಾಸು. ಹಾರದಿದ್ದರೂ ಅಷ್ಟು ಕೈಗೆ ಬರುತ್ತದೆ. "ಹಾಗಾದ್ರೆ ಇಲ್ಲೇ ಮನೇಲೇ ಇದ್ದು ಕಾಯಬಹುದಲ್ಲ, ಅಲ್ಲಿಗೆ ಯಾಕೆ ಹೋಗ್ಬೇಕು?" ಅನ್ನುವುದು ಅವರ ಎರಡನೇ ಪ್ರಶ್ನೆ. ನನ್ನ ತಾಪತ್ರಯವೆಲ್ಲ ಆ ಪ್ರಶ್ನೆಯಲ್ಲೇ ಇತ್ತು.

ಕಾರಣ ಶಾರ್ಟ್ ಕಾಲ್. ಶಾರ್ಟ್ ಕಾಲ್‌ನಲ್ಲಿದ್ದಾಗ ಫೋನ್ ಬಂದ ಎರಡು ಗಂಟೆಯೊಳಗೆ ಯೂನಿಫಾರ್ಮ್ ತೊಟ್ಟು ವಿಮಾನ ನಿಲ್ದಾಣದಲ್ಲಿರಬೇಕು. ಕ್ಯಾರಿಯಲ್ಲಿ ಕೂತು ಇದು ಸಾಧ್ಯವಿಲ್ಲ. ಲಾಂಗ್ ಕಾಲ್ ಆದರೆ ಬೇರೆ ಮಾತು. ಅಲ್ಲಿ ಡ್ಯೂಟಿಗೆ ಮುಂಚೆ ಕನಿಷ್ಠ 10 ಗಂಟೆ ವಿಶ್ರಾಂತಿ ಕಾನೂನೇ ಕೊಡುತ್ತದೆ, ನಮ್ಮ ಒಪ್ಪಂದದಲ್ಲಿ 12 ಗಂಟೆ ಮೊದಲೇ ತಿಳಿಸಬೇಕು. ಅಷ್ಟು ಹೊತ್ತಿನಲ್ಲಿ ಮನೆಯಿಂದ ಹೊರಟು ನ್ಯೂಯಾರ್ಕ್ ತಲುಪಬಹುದು. ಆದರೆ ಲಾಂಗ್ ಕಾಲ್ ಬೇಕು ಎನ್ನುವವರು ಎಲ್ಲರೂ, ಸಿಗುವುದು ಸೀನಿಯರ್‌ಗಳಿಗೆ.

ಶಾರ್ಟ್ ಕಾಲ್‌ನ ಗಂಟೆಗಳಿಗೆ ಫೆಡರಲ್ ನಿಯಮಾವಳಿಯ ಭಾಗ 117ರಲ್ಲಿ ಮಿತಿ ಇದೆ. 2014ರ ಜನವರಿ 4ರಿಂದ ಜಾರಿಗೆ ಬಂದದ್ದು ಅದು. ಕಾಯುವ ಅವಧಿ 14 ಗಂಟೆ ಮೀರುವಂತಿಲ್ಲ. ಕಾಯುವುದು, ಹಾರುವುದು ಎರಡೂ ಸೇರಿ ಹೆಚ್ಚೆಂದರೆ 16 ಗಂಟೆ. ನನ್ನ ಅವಧಿ ನಸುಕಿನ 4ಕ್ಕೆ ಶುರುವಾದರೆ ಸಂಜೆ 6ಕ್ಕೆ ಮುಗಿಯುತ್ತದೆ. ಮಧ್ಯಾಹ್ನ 1ಕ್ಕೆ ಡ್ಯೂಟಿಗೆ ಹಾಕಿದರೂ ರಾತ್ರಿ 8ರೊಳಗೆ ನನ್ನನ್ನು ಬಿಡಬೇಕು. ಒಳ್ಳೆಯ ನಿಯಮ. ಆದರೆ ಗಡಿಯಾರ ಓಡಲು ಶುರುವಾಗುವುದು 4 ಗಂಟೆಗೆ. ಅದಕ್ಕೂ ಮುಂಚೆ ನಾನು ಮನೆಯಲ್ಲಿ ಮಲಗಿ ಎದ್ದೆನೋ, ರಾತ್ರಿಯಿಡೀ ಮೂರು ನಿಲ್ದಾಣಗಳಲ್ಲಿ ಕೂತು ಬಂದೆನೋ, ಆ ಲೆಕ್ಕ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಕಂಪನಿಯ ದಾಖಲೆಯಲ್ಲಿ ಅದೆಲ್ಲ ವಿಶ್ರಾಂತಿಯ ಸಮಯ. ನನ್ನ ಓಡಾಟದ ಪದ್ಧತಿಯನ್ನೆಲ್ಲ ನಾನು ಕಟ್ಟಿಕೊಂಡದ್ದು ಈ ಬಿರುಕನ್ನು ನೋಡಿಯೇ.

ಮೊದಲು ಬಿಡ್. ಪ್ರತಿ ತಿಂಗಳು ನಮ್ಮ ಇಷ್ಟಗಳನ್ನು ಸಾಲಾಗಿ ಬರೆದು ಕಂಪ್ಯೂಟರಿಗೆ ಕೊಡುತ್ತೇವೆ, ಸೀನಿಯಾರಿಟಿ ಪ್ರಕಾರ ಅದು ಹಂಚುತ್ತದೆ. ಬೇಸ್‌ನಲ್ಲೇ ಮನೆ ಇರುವವರು ಶನಿವಾರ, ಭಾನುವಾರ ರಜೆ ಕೇಳುತ್ತಾರೆ. ನಾನು ಅದನ್ನು ಬಿಟ್ಟುಕೊಟ್ಟೆ. ನಾನು ಮೊದಲು ಕೇಳುತ್ತಿದ್ದದ್ದು ರಿಸರ್ವ್ ದಿನಗಳು ಒಟ್ಟಿಗೆ ಬರಲಿ ಎಂದು. ಐದಾರು ದಿನ ಒಂದೇ ಕಂತಿನಲ್ಲಿ ಬಂದರೆ ಒಂದು ಹೋಗಿಬರುವ ಪ್ರಯಾಣ, ಮೂರು ಮೂರಾಗಿ ಒಡೆದರೆ ಎರಡು. ಅದಕ್ಕಿಂತ ಹೆಚ್ಚು ದಿನ ಒಟ್ಟಿಗೆ ಬರುವುದು ಕಷ್ಟ, ಏಕೆಂದರೆ ಯಾವುದೇ 168 ಗಂಟೆಯಲ್ಲಿ 30 ಗಂಟೆ ಎಡೆಬಿಡದೆ ಬಿಡುವು ಇರಲೇಬೇಕು. ಎರಡನೆಯದಾಗಿ ಮಧ್ಯಾಹ್ನದ ಅವಧಿ ಕೇಳುತ್ತಿದ್ದೆ. ಬೆಳಗಿನದನ್ನು ಎಲ್ಲರೂ ಬಯಸುವುದರಿಂದ ನನ್ನಂಥ ಜೂನಿಯರ್‌ಗೂ ಮಧ್ಯಾಹ್ನದ್ದು ಆಗಾಗ ಸಿಗುತ್ತಿತ್ತು.

ಇನ್ನು ಪ್ರಯಾಣ. ಮೊದಲು ಕ್ಯಾಬಿನ್‌ನಲ್ಲಿ ಸ್ಟ್ಯಾಂಡ್‌ಬೈ ಹೆಸರು ಬರೆಸುತ್ತೇನೆ, ಖಾಲಿ ಸೀಟಿದ್ದರೆ ಕೂರಿಸುತ್ತಾರೆ. ಇಲ್ಲವಾದರೆ ಜಂಪ್‌ಸೀಟ್, ಅಂದರೆ ಕಾಕ್‌ಪಿಟ್‌ನೊಳಗೆ ಪೈಲಟ್‌ಗಳ ಹಿಂದೆ ಮಡಚಿಟ್ಟಿರುವ ಸೀಟು. ಗೇಟ್ ಏಜೆಂಟ್ ನನ್ನ ಗುರುತಿನ ಚೀಟಿಯನ್ನು ಕ್ಯಾಸ್ ಎಂಬ ವ್ಯವಸ್ಥೆಯಲ್ಲಿ ನೋಡಿ, ನಾನು ಇಂಥ ಕಂಪನಿಯಲ್ಲಿ ಈಗಲೂ ಕೆಲಸದಲ್ಲಿರುವ ಪೈಲಟ್ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಹಾಗಾಗಿ ಬೇರೆ ಕಂಪನಿಯ ವಿಮಾನದಲ್ಲೂ ಹೋಗಬಹುದು. ಅದಾದ ಮೇಲೆ ಕಾಕ್‌ಪಿಟ್ ಬಾಗಿಲಲ್ಲಿ ನಿಂತು ಕ್ಯಾಪ್ಟನ್‌ರ ಅನುಮತಿ ಕೇಳಬೇಕು. ಏಜೆಂಟ್ ಹೂಂ ಎಂದರೂ ಕೊನೆಯ ಮಾತು ಕ್ಯಾಪ್ಟನ್‌ರದು. ನಾನು ಕ್ಯಾಬಿನ್‌ನಲ್ಲಿ ಸೀಟು ಸಿಕ್ಕ ದಿನವೂ ಹೋಗಿ ನಮಸ್ಕಾರ ಹೇಳಿ, ಧನ್ಯವಾದ ಹೇಳಿಯೇ ಕೂರುತ್ತೇನೆ. ನಮ್ಮನ್ನು ಮನೆ ಸೇರಿಸುವುದು ಆ ಔದಾರ್ಯ. ಹತ್ತು ಸಾವಿರ ಅಡಿ ದಾಟುವವರೆಗೆ ಅಲ್ಲಿ ಹರಟೆ ಇಲ್ಲ. ಕಣ್ಣಿಗೆ ಬೇರೆ ವಿಮಾನ ಬಿದ್ದರೆ ಮಾತ್ರ ಹೇಳಬೇಕು.

ಎಂಬ್ರೇಯರ್ 175ರಲ್ಲಿ ಜಂಪ್‌ಸೀಟ್ ಇರುವುದು ಒಂದೇ. ಅದಕ್ಕೆ ನನಗಿಂತ ಮುಂಚೆ ಇನ್ನೊಬ್ಬರು ಬಂದಿರಬಹುದು, ತಪಾಸಣೆಗೆ ಬಂದ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಇನ್‌ಸ್ಪೆಕ್ಟರ್ ಕೂರಬಹುದು. ನ್ಯೂಯಾರ್ಕಿನಲ್ಲಿ ಮೋಡ ಕೆಳಗಿಳಿದರೆ ಬದಲಿ ನಿಲ್ದಾಣಕ್ಕೆಂದು ಹೆಚ್ಚು ಇಂಧನ ತುಂಬುತ್ತಾರೆ, ಆಗ ತೂಕದ ಲೆಕ್ಕದಲ್ಲಿ ಮೊದಲು ಇಳಿಯುವವಳು ನಾನೇ. ಅದಕ್ಕೇ ಒಪ್ಪಂದಗಳಲ್ಲಿ ಕಮ್ಯೂಟರ್ ಕಲಮು ಇರುತ್ತದೆ. ಸಮಯಕ್ಕೆ ತಲುಪಿಸುವ ಎರಡು ವಿಮಾನಗಳಿಗೆ ಪ್ರಯತ್ನಿಸಿ ಎರಡರಲ್ಲೂ ಜಾಗ ಸಿಗದಿದ್ದರೆ ಶಿಸ್ತುಕ್ರಮ ಇಲ್ಲ. ಈ ಕಲಮು ರಕ್ಷಣೆಗೆ ಇಟ್ಟುಕೊಳ್ಳಬೇಕಾದ್ದು, ಯೋಜನೆ ಹಾಕುವಾಗ ಅದನ್ನು ಮರೆತೇ ಹಾಕಬೇಕು ಎಂದು ಹೊಸಬರಿಗೆ ಹೇಳುತ್ತಿರುತ್ತೇನೆ. ರಿಸರ್ವ್ ಶುರುವಾಗುವ ದಿನವೇ ಬೆಳಗ್ಗೆ ಹೊರಡುವುದನ್ನು ನಾನು ಯಾವತ್ತೂ ಯೋಜನೆ ಅಂದುಕೊಂಡಿಲ್ಲ. ಹಿಂದಿನ ದಿನ ಮಧ್ಯಾಹ್ನದ ವಿಮಾನ ಗುರಿ. ಅದರ ನಂತರ ಇನ್ನೂ ಎರಡು ಇರಬೇಕು.

ಬೇಸಿಗೆಯಲ್ಲಿ ಅದೂ ಸಾಲದು. ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ವ ಕರಾವಳಿಯಲ್ಲಿ ಮಧ್ಯಾಹ್ನ ಕಳೆದಂತೆ ಗುಡುಗುಮೋಡ ಏಳುತ್ತದೆ. ಲಾಗಾರ್ಡಿಯಾಕ್ಕೆ ಇರುವುದು ಒಂದನ್ನೊಂದು ಅಡ್ಡಹಾಯುವ ಎರಡೇ ರನ್‌ವೇ, ತಲಾ 7,000 ಅಡಿ. ಸ್ವಲ್ಪ ಅಡಚಣೆಯಾದರೂ ಬರುವ ವಿಮಾನಗಳನ್ನು ಹೊರಡುವ ಊರಲ್ಲೇ ತಡೆದು ನಿಲ್ಲಿಸುತ್ತಾರೆ. ಆ ಮೂರು ತಿಂಗಳು ನಾನು ಹಿಂದಿನ ದಿನದ ಬೆಳಗಿನ ವಿಮಾನವನ್ನೇ ಹಿಡಿಯುತ್ತೇನೆ. ಮಗಳ ಜೊತೆ ಕಳೆಯಬಹುದಾಗಿದ್ದ ಒಂದು ಹಗಲು ಹೋಗುತ್ತದೆ, ಅದು ನೋವಿನ ವಿಷಯವೇ. ಲಾಗಾರ್ಡಿಯಾ ಮುಚ್ಚಿದರೆ ಜೆಎಫ್‌ಕೆ, ಅದಿಲ್ಲದಿದ್ದರೆ ನ್ಯೂವರ್ಕ್. ಕ್ಯಾರಿಯಲ್ಲಿ ನಿಲ್ಲುವ ಆಮ್‌ಟ್ರ್ಯಾಕ್‌ನ ಕೆರೊಲಿನಿಯನ್ ರೈಲು ನ್ಯೂಯಾರ್ಕಿನವರೆಗೂ ಹೋಗುತ್ತದೆ, ಹತ್ತು ಗಂಟೆಗೂ ಹೆಚ್ಚು. ಚಂಡಮಾರುತದ ಮುನ್ಸೂಚನೆ ಇದ್ದಾಗ ಅದರ ಟಿಕೆಟ್ಟನ್ನೂ ನೋಡಿಟ್ಟುಕೊಂಡಿರುತ್ತೇನೆ.

ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ಇರುವುದು ಕ್ರ್ಯಾಶ್‌ಪ್ಯಾಡ್‌ನಲ್ಲಿ, ಅಂದರೆ ವಿಮಾನ ಸಿಬ್ಬಂದಿ ಹಂಚಿಕೊಂಡು ಇರುವ ಬಾಡಿಗೆ ಮನೆಯಲ್ಲಿ. ಕ್ವೀನ್ಸ್‌ನ ಕ್ಯೂ ಗಾರ್ಡನ್ಸ್ ಬಡಾವಣೆಗೆ 'ಕ್ರೂ ಗಾರ್ಡನ್ಸ್' ಎಂಬ ಅಡ್ಡಹೆಸರೇ ಇದೆ, ಅಷ್ಟು ಪೈಲಟ್‌ಗಳು, ಫ್ಲೈಟ್ ಅಟೆಂಡೆಂಟ್‌ಗಳು ಅಲ್ಲಿ ಹಾಸಿಗೆ ಬಾಡಿಗೆಗೆ ಪಡೆದಿದ್ದಾರೆ. ಜೆಎಫ್‌ಕೆ, ಲಾಗಾರ್ಡಿಯಾ ಎರಡಕ್ಕೂ ನಡುವಿನ ಜಾಗ. ಹಾಟ್ ಬೆಡ್ ಅಂದರೆ ಯಾರು ಬಂದರೆ ಅವರು ಖಾಲಿ ಇರುವ ಹಾಸಿಗೆಯಲ್ಲಿ ಮಲಗುವುದು, ತಮ್ಮ ಹೊದಿಕೆ ತಾವೇ ತರಬೇಕು. ಕೋಲ್ಡ್ ಬೆಡ್ ಅಂದರೆ ಹಾಸಿಗೆ ತಿಂಗಳಿಡೀ ನಿಮ್ಮದೇ. ಲೈನ್ ಇರುವವರಿಗೆ ಹಾಟ್ ಬೆಡ್ ಸಾಕು, ತಿಂಗಳಿಗೆ ಎರಡು ಮೂರು ರಾತ್ರಿಯ ಮಾತು. ರಿಸರ್ವ್‌ನವರು ಅಲ್ಲೇ ದಿನಗಟ್ಟಲೆ ಕಾಯುತ್ತೇವೆ. ಬಾಡಿಗೆ ಜಾಸ್ತಿಯಾದರೂ ಕೋಲ್ಡ್ ಬೆಡ್ ಹಿಡಿಯಿರಿ ಎಂದೇ ನನ್ನ ಸಲಹೆ. ನಾನು ಹೆಂಗಸರಿಗೆಂದೇ ಇರುವ ಕೋಣೆ ಹುಡುಕಿದೆ, ಕಿಟಕಿಗೆ ದಪ್ಪ ಪರದೆ ಇದೆಯೇ ಎಂದು ನೋಡಿದೆ, ರಾತ್ರಿ ಬಂದವರು ದೀಪ ಹಾಕಬಾರದು ಎಂಬ ಕಟ್ಟುನಿಟ್ಟು ಇದೆಯೇ ಎಂದು ಕೇಳಿದೆ. ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ, ಅತ್ತೆ ಮಾಡಿಕೊಟ್ಟ ಪುಳಿಯೋಗರೆ ಗೊಜ್ಜು. ಅಲ್ಲಿನ ಅಡುಗೆಮನೆಯಲ್ಲಿ ರೈಸ್ ಕುಕ್ಕರ್ ಒಂದಿದ್ದರೆ ಊಟದ ಯೋಚನೆ ಮುಗಿಯಿತು.

ನಿದ್ರೆಯ ವಿಷಯಕ್ಕೆ ಬಂದಾಗ ನಾನು ನೆನೆಯುವುದು 2009ರ ಫೆಬ್ರವರಿ 12ರ ರಾತ್ರಿಯನ್ನು. ನ್ಯೂವರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ 3407, ಇಳಿಯುವ ಮುನ್ನ ಕ್ಲಾರೆನ್ಸ್ ಸೆಂಟರ್‌ನ ಒಂದು ಮನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು ತೀರಿಕೊಂಡರು. ಇಬ್ಬರು ಪೈಲಟ್‌ಗಳೂ ಕಮ್ಯೂಟರ್‌ಗಳು. ಫಸ್ಟ್ ಆಫೀಸರ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಹೊರಟು ಮೆಂಫಿಸ್ ಮೂಲಕ ಸರಕು ವಿಮಾನಗಳಲ್ಲಿ ಕೂತು ಬೆಳಗ್ಗೆ ನ್ಯೂವರ್ಕ್ ತಲುಪಿದ್ದರು. ಕ್ಯಾಪ್ಟನ್‌ರ ಮನೆ ಫ್ಲಾರಿಡಾದಲ್ಲಿ. ಹಿಂದಿನ ರಾತ್ರಿ ಅವರು ಕಳೆದದ್ದು ಕ್ರೂ ರೂಮಿನಲ್ಲಿ. ಇಬ್ಬರಿಗೂ ನ್ಯೂವರ್ಕ್‌ನಲ್ಲಿ ಮಲಗಲು ಜಾಗ ಇರಲಿಲ್ಲ. ವಿಮಾನ ಸ್ಟಾಲ್ ಆಗುತ್ತಿದೆ (ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುತ್ತಿವೆ) ಎಂಬ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು ಪ್ರತಿಕ್ರಿಯೆಯೇ ಕಾರಣ ಎಂದು ತನಿಖಾ ಮಂಡಳಿ ಹೇಳಿತು. ಆಯಾಸ ಇಬ್ಬರ ಮೇಲೂ ಪರಿಣಾಮ ಬೀರಿರಬಹುದು, ಎಷ್ಟು ಎಂದು ಅಳೆಯಲಾಗದು ಎಂದೂ ಬರೆಯಿತು. ಆ ಬೇಸ್‌ನ ಪೈಲಟ್‌ಗಳಲ್ಲಿ ಮೂವರಲ್ಲಿ ಇಬ್ಬರು ಕಮ್ಯೂಟರ್‌ಗಳಾಗಿದ್ದರು. ಆ ಅಪಘಾತದ ನಂತರ ತರಬೇತಿ, ಡ್ಯೂಟಿ ಗಂಟೆ ಎಲ್ಲದರ ನಿಯಮ ಬದಲಾಯಿತು. ಕಮ್ಯೂಟಿಂಗ್‌ಗೆ ಮಾತ್ರ ಕಾನೂನು ಬರಲಿಲ್ಲ. ವಿಶ್ರಾಂತಿ ಪಡೆದೇ ಡ್ಯೂಟಿಗೆ ಬರಬೇಕು ಎಂಬ ಹೊಣೆಯನ್ನು ಭಾಗ 117 ಪೈಲಟ್‌ನ ಮೇಲೂ ಹೊರಿಸುತ್ತದೆ, ಪ್ರತಿ ಹಾರಾಟಕ್ಕೂ ಮುಂಚೆ ನಾನು ಸಮರ್ಥಳಿದ್ದೇನೆ ಎಂದು ದೃಢಪಡಿಸಬೇಕು. ನಾನು ಆ ಗುಂಡಿ ಒತ್ತುವಾಗ ಅದು ಬರೀ ಶಾಸ್ತ್ರ ಆಗದಂತೆ ನೋಡಿಕೊಂಡಿದ್ದೇನೆ.

ಒಂದು ಜುಲೈನಲ್ಲಿ ಬೆಳಗ್ಗೆಯೇ ನಿಲ್ದಾಣಕ್ಕೆ ಹೋದರೂ ಬಿರುಗಾಳಿಗೆ ಒಂದಾದ ಮೇಲೊಂದು ವಿಮಾನ ರದ್ದಾಗಿ, ಕ್ಯೂ ಗಾರ್ಡನ್ಸ್ ಸೇರುವಾಗ ಮಧ್ಯರಾತ್ರಿ ದಾಟಿತ್ತು. ನಸುಕಿನ 4ಕ್ಕೆ ನನ್ನ ಅವಧಿ. ಹಾಸಿಗೆಗೆ ಹೋಗುವ ಮೊದಲೇ ಶೆಡ್ಯೂಲಿಂಗ್‌ಗೆ ಫೋನ್ ಮಾಡಿ, ನಾಲ್ಕಕ್ಕೆ ನಾನು ಹಾರಲು ಯೋಗ್ಯಳಿರುವುದಿಲ್ಲ ಎಂದು ನೇರವಾಗಿ ಹೇಳಿದೆ. ಅವರು ಮಧ್ಯಾಹ್ನಕ್ಕೆ ಬದಲಿಸಿದರು. ಹೊಸಬರು ಈ ಫೋನ್ ಮಾಡಲು ಹೆದರುತ್ತಾರೆ, ಅದರಲ್ಲೂ ಪ್ರೊಬೇಷನ್ ವರ್ಷದಲ್ಲಿ. ದಯವಿಟ್ಟು ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಸುಲಭವಾಗಿ ಅವರು ಬೇರೆಯವರನ್ನು ಹುಡುಕುತ್ತಾರೆ.

ಬೆಳಗಿನ ಅವಧಿ ಇದ್ದ ವಾರಗಳಲ್ಲಿ ಸಂಜೆ ಏಳಕ್ಕೆ ದೀಪ ಆರಿಸುತ್ತಿದ್ದೆ. ಮಗಳ ಜೊತೆ ವಿಡಿಯೋ ಮಾತು ಆರೂವರೆಗೆ, ಅವಳ ಊಟದ ಹೊತ್ತಿಗೆ. ಮೊದಮೊದಲು ಮಲಗುವ ಹೊತ್ತಿಗೆ ಕಥೆ ಹೇಳುತ್ತೇನೆ ಎಂದು ಹಟ ಹಿಡಿದಿದ್ದೆ. ಎಂಟೂವರೆ ಆಗುತ್ತಿತ್ತು, ನನಗೆ ನಿದ್ರೆ ಕಡಿಮೆಯಾಗುತ್ತಿತ್ತು. ಕಥೆಯನ್ನು ಗಂಡನಿಗೆ ವಹಿಸಿ ನಾನು ಊಟದ ಹೊತ್ತನ್ನು ಇಟ್ಟುಕೊಂಡೆ.

ಈಗ ಹೆಚ್ಚಿನ ತಿಂಗಳು ಲಾಂಗ್ ಕಾಲ್ ಸಿಗುತ್ತದೆ. ಆದರೂ ಕೋಲ್ಡ್ ಬೆಡ್ ಬಿಟ್ಟಿಲ್ಲ. ಮಧ್ಯಾಹ್ನ 3ಕ್ಕೆ ಫೋನ್ ಬಂದು ಮರುದಿನ ಬೆಳಗ್ಗೆ 5ಕ್ಕೆ ಡ್ಯೂಟಿ ಎಂದರೆ ಅಂದು ಸಂಜೆಯೇ ಹೋಗಿ ಮಲಗಬೇಕಲ್ಲ. ಸಂಜೆಗೆ ಗುಡುಗು ಎಂದು ಮುನ್ಸೂಚನೆ ಇದ್ದರೆ ಲಾಂಗ್ ಕಾಲ್ ಇದ್ದರೂ ಬೆಳಗ್ಗೆಯೇ ಹೊರಟುಬಿಡುತ್ತೇನೆ.

ಇಲ್ಲಿ ಪೈಲಟ್ ತರಬೇತಿ ಮುಗಿಸುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಕೆಲವರು ಎಲ್ಲಿ ಮನೆ ಮಾಡಬೇಕು ಎಂದು ಕೇಳುತ್ತಾರೆ. ಸಾಧ್ಯವಾದರೆ ಬೇಸ್‌ನಲ್ಲೇ. ಆಗದಿದ್ದರೆ ಮೈಲಿ ಲೆಕ್ಕ ಹಾಕಬೇಡಿ. ನಿಮ್ಮ ಊರಿಂದ ಬೇಸ್‌ಗೆ ದಿನಕ್ಕೆ ಎಷ್ಟು ನೇರ ವಿಮಾನ, ಎಷ್ಟು ಕಂಪನಿಗಳದು, ಕೊನೆಯದು ಎಷ್ಟು ಗಂಟೆಗೆ ಎಂದು ನೋಡಿ. ವಿಮಾನ ಬದಲಿಸಿ ಹೋಗಬೇಕಾದ ಊರಾದರೆ ರಿಸರ್ವ್ ಮುಗಿಯುವವರೆಗೆ ಅಲ್ಲಿ ಮನೆ ಮಾಡಬೇಡಿ. ಪಶ್ಚಿಮ ಕರಾವಳಿಯಲ್ಲಿದ್ದು ನ್ಯೂಯಾರ್ಕಿಗೆ ಓಡಾಡುವವರು ಮೂರು ಗಂಟೆಯ ವ್ಯತ್ಯಾಸವನ್ನೂ ಮೈಮೇಲೆ ಹೊರಬೇಕಾಗುತ್ತದೆ. ಅವರಿಗೆ ನಸುಕಿನ 4 ಅಂದರೆ ಮೈ ಪಾಲಿಗೆ ರಾತ್ರಿ 1. ಮೊದಲ ತಿಂಗಳ ಸಂಬಳ ಬರುವ ಮುಂಚೆಯೇ ಕ್ರ್ಯಾಶ್‌ಪ್ಯಾಡ್‌ನ ಮುಂಗಡ ಕಟ್ಟಲು ಹಣ ಎತ್ತಿಡಿ.