ಅಮೆರಿಕದ ಕೇಬಲ್ ಇಂಟರ್ನೆಟ್‌ಗೆ ಸ್ವಂತ ರೂಟರ್ ಜೋಡಿಸುವಾಗ

ಮೈಸೂರು, ಮಂಡ್ಯದ ಬಡಾವಣೆಗಳಲ್ಲಿ ರೂಟರ್ ಬದಲಾಯಿಸಿದ ಮೇಲೆ ಇಂಟರ್ನೆಟ್ ಬಾರದಿದ್ದರೆ ಕೇಬಲ್‌ನವರಿಗೆ ಫೋನ್ ಮಾಡಿ ಹೊಸ ಮ್ಯಾಕ್ ವಿಳಾಸವನ್ನು (ಸಾಧನಕ್ಕೆ ತಯಾರಕರು ಕೊಟ್ಟಿರುವ ಗುರುತಿನ ಸಂಖ್ಯೆಯನ್ನು) ಓದಿ ಹೇಳುವುದು ಅನೇಕರಿಗೆ ರೂಢಿಯಾಗಿದೆ. ಅಮೆರಿಕಕ್ಕೆ ಹೋದ ನಮ್ಮವರು ಅಲ್ಲಿಯೂ ಹಾಗೆಯೇ ಮಾಡಲು ಹೊರಟು ಗಂಟೆಗಟ್ಟಲೆ ಫೋನ್ ಹಿಡಿದು ಕೂರುವುದು ಬೇಡ ಎಂಬುದೇ ಈ ಬರಹದ ಕಾಳಜಿ.

ಅಲ್ಲಿನ ಕೇಬಲ್ ಕಂಪನಿಗಳು ಗ್ರಾಹಕರ ಖಾತೆಗೆ ಸೇರಿಸಿಕೊಳ್ಳುವುದು ಸಾಮಾನ್ಯವಾಗಿ ಮೋಡೆಮ್‌ನ (ಕೇಬಲ್ ತಂತಿಯಿಂದ ಇಂಟರ್ನೆಟ್ ಪಡೆಯುವ ಪೆಟ್ಟಿಗೆಯ) ಮ್ಯಾಕ್ ವಿಳಾಸವನ್ನೇ ಹೊರತು ರೂಟರಿನದನ್ನಲ್ಲ. ಹನ್ನೆರಡು ಅಂಕಿ ಅಕ್ಷರಗಳ ಈ ವಿಳಾಸ ಮೋಡೆಮ್‌ನ ತಳದ ಚೀಟಿಯಲ್ಲಿರುತ್ತದೆ. ಸ್ವಂತ ಮೋಡೆಮ್ ಕೊಳ್ಳುವವರು ಅದು ತಮ್ಮ ಕಂಪನಿ ಒಪ್ಪಿರುವ ಮಾದರಿಯೇ ಎಂದು ಮೊದಲು ನೋಡಿಕೊಳ್ಳಬೇಕು.

ತೊಡಕು ಹುಟ್ಟುವುದು ಇದರ ನಂತರ. ಅನೇಕ ಮೋಡೆಮ್‌ಗಳು ಚಾಲೂ ಆದಾಗ ತಮಗೆ ಮೊದಲು ಜೋಡಿಸಿದ ಸಾಧನದ ಮ್ಯಾಕ್ ವಿಳಾಸವನ್ನು ಹಿಡಿದಿಟ್ಟುಕೊಂಡು, ಅದೊಂದಕ್ಕೆ ಮಾತ್ರ ಸಂಪರ್ಕ ಕೊಡುತ್ತವೆ. ಲ್ಯಾಪ್‌ಟಾಪ್ ಸಿಕ್ಕಿಸಿ ಪರೀಕ್ಷಿಸಿದ ತಂತಿಯನ್ನೇ ಕಿತ್ತು ರೂಟರಿಗೆ ಹಾಕಿದರೆ ರೂಟರಿಗೆ ಇಂಟರ್ನೆಟ್ ಬಳಸಲು ಬೇಕಾದ ಐಪಿ ವಿಳಾಸ ಸಿಗದಿರುವುದು ಈ ಕಾರಣಕ್ಕೆ. ರೂಟರ್ ಕೆಟ್ಟಿದೆಯೆಂದು ಅದನ್ನು ಅಂಗಡಿಗೆ ಹಿಂದಿರುಗಿಸುವ ಅಗತ್ಯವಿಲ್ಲ. ಮೋಡೆಮ್‌ನ ವಿದ್ಯುತ್ ತಂತಿಯನ್ನು ತೆಗೆದು, ದೂರವಾಣಿ ಸೌಲಭ್ಯಕ್ಕೆಂದು ಒಳಗೆ ಬ್ಯಾಟರಿ ಇದ್ದರೆ ಅದನ್ನೂ ತೆಗೆದು, ಮೋಡೆಮ್‌ನಿಂದ ಬರುವ ತಂತಿಯನ್ನು ರೂಟರಿನ ವ್ಯಾನ್ ಕಿಂಡಿಗೆ (ಹೊರಗಿನ ಇಂಟರ್ನೆಟ್ ಒಳಬರುವ ಕಿಂಡಿಗೆ) ಜೋಡಿಸಿದ ಬಳಿಕ ಮೋಡೆಮನ್ನು ಹಚ್ಚಿ, ಅದರ ದೀಪಗಳು ಸ್ಥಿರವಾದ ಮೇಲೆ ರೂಟರನ್ನು ಹಚ್ಚಬೇಕು. ಬಹುತೇಕ ಇಷ್ಟಕ್ಕೇ ಸರಿಹೋಗುತ್ತದೆ.

ಹಾಗೂ ಆಗದಿದ್ದರೆ ರೂಟರಿನ ವ್ಯಾನ್ ಸೆಟ್ಟಿಂಗ್‌ನಲ್ಲಿರುವ ಮ್ಯಾಕ್ ಕ್ಲೋನ್ ಸೌಲಭ್ಯದಲ್ಲಿ (ರೂಟರ್ ಬೇರೊಂದು ಸಾಧನದ ಮ್ಯಾಕ್ ವಿಳಾಸವನ್ನು ತನ್ನದೆಂದು ತೋರಿಸುವ ಸೌಲಭ್ಯ), ಮೊದಲು ಕೆಲಸ ಮಾಡಿದ್ದ ಲ್ಯಾಪ್‌ಟಾಪಿನ ತಂತಿ ಸಂಪರ್ಕದ ವಿಳಾಸವನ್ನು ನಮೂದಿಸಬಹುದು. ಅದರ ವೈಫೈ ವಿಳಾಸ ಬೇರೆಯಾಗಿರುತ್ತದೆ ಎಂಬುದನ್ನು ಮರೆಯಬಾರದು. ಕಂಪನಿಯ ಪೆಟ್ಟಿಗೆಯೇ ಮೋಡೆಮ್ ಮತ್ತು ರೂಟರ್ ಎರಡೂ ಆಗಿದ್ದರೆ, ಅದು ರೂಟರಿನ ಕೆಲಸ ಬಿಟ್ಟು ಮೋಡೆಮ್ ಆಗಿ ಮಾತ್ರ ಇರುವಂತೆ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಕೊಳ್ಳುವುದು ಒಳ್ಳೆಯದು.

ಊರಿನಿಂದ ರೂಟರ್ ಒಯ್ಯುವವರಿಗೆ ಎರಡು ಮಾತು. ಅಮೆರಿಕದ ಮನೆಗಳಲ್ಲಿ ವಿದ್ಯುತ್ 120 ವೋಲ್ಟ್, ಆದ್ದರಿಂದ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಎಂದಿರಬೇಕು. 2.4 ಗಿಗಾಹರ್ಟ್ಸ್ ವೈಫೈಯನ್ನು 1ರಿಂದ 11ರೊಳಗಿನ ಚಾನೆಲ್‌ಗೆ ನಿಲ್ಲಿಸಬೇಕು. 13ನೆಯದರಲ್ಲಿ ಬಿಟ್ಟರೆ ಅಲ್ಲಿ ಕೊಂಡ ಎಷ್ಟೋ ಫೋನ್‌ಗಳಿಗೆ ಆ ಸಂಪರ್ಕ ಕಾಣುವುದೇ ಇಲ್ಲ.

ಗ್ರಾಹಕರು ಸ್ವಂತ ಸಾಧನ ಬಳಸುತ್ತಿರುವಾಗ, ಕಂಪನಿ ಕೊಡದ ಸಾಧನಕ್ಕೆ ಬಾಡಿಗೆ ಹಾಕುವುದನ್ನು ನಿಷೇಧಿಸುವ ಕಾನೂನು ಅಲ್ಲಿ 2020ರ ಡಿಸೆಂಬರ್ 20ರಿಂದ ಜಾರಿಯಲ್ಲಿದೆ. ಕಂಪನಿಯ ಪೆಟ್ಟಿಗೆಯನ್ನು ಹಿಂದಿರುಗಿಸಿದ ರಸೀದಿಯನ್ನು ಜೋಪಾನವಾಗಿಟ್ಟು, ಮುಂದಿನ ಬಿಲ್ಲಿನಲ್ಲಿ ಆ ಬಾಡಿಗೆ ತೆಗೆದುಹಾಕಿದ್ದಾರೆಯೇ ಎಂದು ನೋಡಿಕೊಳ್ಳಿ.